ಇಡೀ ಸಭೆ ಸೇರಿ ಮಾಡುವ ಕಲಾ ಆರಾಧನೆ: ವಾಕ್ಯ ಆರಿಸುವುದರಿಂದ ಊಟದ ಪಂಕ್ತಿಯವರೆಗೆ

ಮಕ್ಕಳು, ಅಪ್ಪ-ಅಮ್ಮ, ಅಜ್ಜಿ-ತಾತ ಎಲ್ಲರೂ ಒಟ್ಟಿಗೆ ಕೂತು ಕೈಯಲ್ಲಿ ಏನಾದರೂ ಮಾಡುತ್ತಾ ಸತ್ಯವೇದದ (ಬೈಬಲ್‌ನ) ಒಂದು ಭಾಗದ ಬಗ್ಗೆ ಮಾತಾಡಬೇಕು. ಆಮೇಲೆ ಮಾಡಿದ್ದನ್ನೇ ಹಿಡಿದುಕೊಂಡು ಹೋಗಿ ಆರಾಧಿಸಬೇಕು. ಕೇಳೋಕೆ ಸುಲಭ. ಆದರೆ ಇದನ್ನು ಮಾಡಿ ನೋಡಿದ ಕ್ರೈಸ್ತ ಸಭೆಗಳವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ: "ಮಕ್ಕಳಿಗೆ ಖುಷಿಯಾಯ್ತು. ದೊಡ್ಡವರು ಹಿಂದಿನ ಬೆಂಚಲ್ಲಿ ಮೊಬೈಲ್ ನೋಡ್ತಾ ಕೂತ್ರು. ಕ್ರಾಫ್ಟ್ ಕ್ಲಾಸ್ ಆಯ್ತು, ಆರಾಧನೆ ಆಗಲಿಲ್ಲ."

ಹೀಗಾಗುವುದು ಬಹುತೇಕ ಒಂದೇ ಕಾರಣಕ್ಕೆ. ಮೊದಲು ಚಂದದ ಕ್ರಾಫ್ಟ್ ಹುಡುಕುತ್ತಾರೆ, ಆಮೇಲೆ ಅದಕ್ಕೊಂದು ವಾಕ್ಯ ಅಂಟಿಸುತ್ತಾರೆ. ಮೇಜಿನ ಮೇಲೆ ಮಾಡಿದ್ದು ಮೇಜಿನ ಮೇಲೇ ಉಳಿಯುತ್ತದೆ. ಆರಾಧನೆ ಶುರುವಾದಾಗ ಅದಕ್ಕೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಜಾಸ್ತಿ ಹೇಳಿರುವುದು ಕ್ರಮದ ಬಗ್ಗೆ.

ಚೌಕಟ್ಟು ಹೊಸದೇನಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹತ್ತಿರದ ಕೌಪ್ಲೇನ್ ಎಂಬಲ್ಲಿ ಒಂದು ಆಂಗ್ಲಿಕನ್ ಸಭೆ 2004ರಲ್ಲಿ ಶುರುಮಾಡಿದ 'ಮೆಸ್ಸಿ ಚರ್ಚ್' ಇದೇ ರೀತಿ ನಡೆಯುತ್ತದೆ: ಸ್ವಾಗತ, ಕೈಕೆಲಸ, ಚಿಕ್ಕ ಆರಾಧನೆ, ಊಟ. ಚೌಕಟ್ಟನ್ನು ಅಲ್ಲಿಂದ ತೆಗೆದುಕೊಳ್ಳಿ, ಒಳಗಿನ ಸಾಮಾನು ನಮ್ಮದೇ ಇರಲಿ. ಉದಾಹರಣೆಗೆ ಬಿತ್ತುವವನ ಸಾಮ್ಯವನ್ನು ಇಟ್ಟುಕೊಂಡಿದ್ದೇನೆ: ಒಬ್ಬ ಎಸೆದ ಬೀಜ ದಾರಿ, ಕಲ್ಲುನೆಲ, ಮುಳ್ಳು, ಒಳ್ಳೆಯ ನೆಲ ನಾಲ್ಕರಲ್ಲೂ ಬಿದ್ದು ಏನಾಯಿತು ಅಂತ ಯೇಸು ಹೇಳಿದ ಕಥೆ. ಸುಮಾರು 50 ಜನ ಸೇರುತ್ತಾರೆ ಅಂದುಕೊಂಡು ಲೆಕ್ಕ ಹಾಕಿದ್ದೇನೆ.

1. ಮೊದಲು ವಾಕ್ಯ, ಆಮೇಲೆ ಅಂಟು-ಕತ್ತರಿ

ಐದಾರು ವಾರ ಮುಂಚೆ ಮೂರ್ನಾಲ್ಕು ಜನ ಕೂತು ಒಂದು ಭಾಗವನ್ನು ಆರಿಸಿ. ಅದನ್ನು ಗಟ್ಟಿಯಾಗಿ ಎರಡು ಸಲ ಓದಿ. ಓದುವವರು ಬೇರೆಬೇರೆಯಾಗಿರಲಿ. ಈ ಹಂತದಲ್ಲಿ ಯಾರೂ ಫೋನ್ ತೆಗೆದು ಕ್ರಾಫ್ಟ್ ವಿಡಿಯೊ ಹುಡುಕಬಾರದು.

ಮುಟ್ಟಲು, ಹಿಡಿಯಲು, ಮೂಸಲು ಏನಾದರೂ ಇರುವ ಭಾಗ ಬೇಕು. ಐದು ರೊಟ್ಟಿ ಎರಡು ಮೀನು (ಯೋಹಾನ 6), ಬಿರುಗಾಳಿಗೆ ಸಿಕ್ಕ ದೋಣಿ (ಮಾರ್ಕ 4ರ ಕೊನೆ), ಮರ ಹತ್ತಿದ ಜಕ್ಕಾಯ (ಲೂಕ 19), ಯಾಕೋಬನ ಕನಸಿನ ಏಣಿ (ಆದಿಕಾಂಡ 28), ಹೊಲದಲ್ಲಿ ತೆನೆ ಆಯುವ ರೂತಳು, ಇವೆಲ್ಲ ಚೆನ್ನಾಗಿ ಕೂರುತ್ತವೆ. ಮೊದಲ ಸಲಕ್ಕೆ ಪ್ರಕಟನೆ ಗ್ರಂಥ ಬೇಡ. ಪೌಲನ ಪತ್ರಿಕೆಗಳ ಉದ್ದದ ವಾದಗಳೂ ಬೇಡ.

ಆಮೇಲೆ ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ. ಪಾಠ ಬೇಡ, ಪ್ರಶ್ನೆ ಸಾಕು. ಬಿತ್ತುವವನ ಸಾಮ್ಯಕ್ಕೆ (ಮಾರ್ಕ 4:1-9) ನಾನು ಬಳಸುವುದು ಇದು: "ನನ್ನೊಳಗೆ ಗಟ್ಟಿಯಾಗಿರುವ ನೆಲ ಯಾವುದು?" ಎಂಟು ವರ್ಷದ ಮಗುವೂ ಇದಕ್ಕೆ ಏನೋ ಹೇಳುತ್ತದೆ, ಎಂಬತ್ತರ ಅಜ್ಜಿಯೂ ಹೇಳುತ್ತಾರೆ. ನಿಮ್ಮ ಪ್ರಶ್ನೆಗೆ "ಹೌದು" ಅಥವಾ "ಯೇಸುಸ್ವಾಮಿ" ಅನ್ನುವ ಉತ್ತರ ಸಾಕಾಗುವುದಾದರೆ ಪ್ರಶ್ನೆ ಬದಲಿಸಿ. ಸಂಡೇ ಸ್ಕೂಲ್ ಮಕ್ಕಳಿಗೆ ಆ ಎರಡು ಉತ್ತರ ಬಾಯಿಪಾಠ ಇರುತ್ತದೆ ಅಲ್ವಾ.

ಎಚ್ಚರಿಕೆಯ ಗುರುತು: ಮಾತು ಮುಗಿಸಿ ಏಳುವಾಗ ನಿಮ್ಮ ಕೈಯಲ್ಲಿ ಸಾಮಾನಿನ ಪಟ್ಟಿ ಇದ್ದು, ಪ್ರಶ್ನೆ ಇಲ್ಲದಿದ್ದರೆ ಮತ್ತೆ ಕೂತುಕೊಳ್ಳಿ.

2. ದಿನ, ಹೊತ್ತು, ಜಾಗ

ಭಾನುವಾರ ಬೆಳಗಿನ ಆರಾಧನೆಯ ಜಾಗಕ್ಕೆ ಇದನ್ನು ತಂದು ಕೂರಿಸಬೇಡಿ. ಹಾಗೆ ಮಾಡಿದರೆ ಎರಡೂ ಕೆಡುತ್ತವೆ, ಹಿರಿಯರಿಗೆ ಬೇಸರವೂ ಆಗುತ್ತದೆ. ಶನಿವಾರ ಅಥವಾ ಭಾನುವಾರ ಸಂಜೆ 4ರಿಂದ ಆರೂ ಕಾಲು ಒಳ್ಳೆಯ ಹೊತ್ತು. ಕುವೈತ್‌ನಂಥ ಕಡೆ ಇರುವ ಕನ್ನಡಿಗರು ಶುಕ್ರವಾರ ನೋಡಿಕೊಳ್ಳಬಹುದು.

ಮಾರ್ಚ್‌ನಲ್ಲಿ ಪರೀಕ್ಷೆ, ಹಳ್ಳಿ ಕಡೆ ನಾಟಿ ಮತ್ತು ಕೊಯ್ಲು. ಈ ದಿನಗಳನ್ನು ಬಿಡಿ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು: ಜುಲೈ ತಿಂಗಳಲ್ಲಿ ಅಂಟು, ಬಣ್ಣ, ಜೇಡಿಮಣ್ಣು ಯಾವುದೂ ಒಂದು ಗಂಟೆಯಲ್ಲಿ ಒಣಗುವುದಿಲ್ಲ. ಆಗ ಬಟ್ಟೆ, ಹಾಡು, ಧಾನ್ಯದ ಕೆಲಸಗಳನ್ನು ಇಟ್ಟುಕೊಳ್ಳಿ.

ಹೊತ್ತನ್ನು ಹೀಗೆ ಹಂಚಿ: ಬಂದು ಸೇರಲು 20 ನಿಮಿಷ, ಮೇಜುಗಳಿಗೆ 55, ದಾಟಲು 10, ಆರಾಧನೆಗೆ 25, ಉಳಿದದ್ದು ಊಟಕ್ಕೆ. ಆರಾಧನೆಯ 25 ನಿಮಿಷವನ್ನು ಯಾವ ಕಾರಣಕ್ಕೂ ಹಿಗ್ಗಿಸಬೇಡಿ.

ಕೈಕೆಲಸ ಹಾಲ್‌ನಲ್ಲಿ, ಆರಾಧನೆ ದೇವಾಲಯದೊಳಗೆ ಆದರೆ ಚೆನ್ನ. ನಾಲ್ಕು ಹೆಜ್ಜೆ ನಡೆದು ಬೇರೆ ಜಾಗಕ್ಕೆ ಹೋದರೆ ಮನಸ್ಸೂ ಬದಲಾಗುತ್ತದೆ. ಒಂದೇ ಕೋಣೆ ಇದ್ದರೆ ಒಂದು ಬದಿಯನ್ನು ಜಮಖಾನ ಹಾಸಿ ಖಾಲಿ ಬಿಡಿ. ನೀರಿನ ನಲ್ಲಿ ಹತ್ತಿರ ಇದೆಯಾ, ಮಂಡಿನೋವು ಇರುವವರಿಗೆ ಕುರ್ಚಿ ಇದೆಯಾ, ಮೆಟ್ಟಿಲು ಎಷ್ಟಿವೆ, ಇಷ್ಟನ್ನು ಮುಂಚೆಯೇ ಹೋಗಿ ನೋಡಿ.

3. ತಂಡ ಕಟ್ಟುವುದು

ಐವತ್ತು ಜನಕ್ಕೆ ಹನ್ನೊಂದು-ಹನ್ನೆರಡು ಮಂದಿ ಬೇಕು. ಮೇಜಿಗೊಬ್ಬರಂತೆ ಐದು, ಕಥೆ ಹೇಳುವವರು ಒಬ್ಬರು, ಹಾಡು ಎತ್ತುವವರು ಒಬ್ಬರು, ಬಾಗಿಲಲ್ಲಿ ಒಬ್ಬರು, ಅಡುಗೆಗೆ ಇಬ್ಬರು, ಮತ್ತೆ ಯಾವ ಕೆಲಸವನ್ನೂ ಹಚ್ಚದೆ ಖಾಲಿ ಬಿಟ್ಟ ಒಬ್ಬರು. ಈ ಖಾಲಿ ಇರುವವರೇ ಕತ್ತರಿ ಸಾಲದಾಗ, ಮಗು ಅತ್ತಾಗ, ನೀರು ಚೆಲ್ಲಿದಾಗ ಓಡುವವರು. ಬಹಳಷ್ಟು ಕಡೆ ಈ ಜಾಗಕ್ಕೆ ಜನ ಇಡುವುದಿಲ್ಲ. ಆಗ ಮೇಜಿನವರೇ ಎದ್ದು ಹೋಗುತ್ತಾರೆ, ಮೇಜು ಖಾಲಿಯಾಗುತ್ತದೆ.

ಸಂಡೇ ಸ್ಕೂಲ್ ಟೀಚರುಗಳನ್ನೇ ಎಲ್ಲಾ ಮೇಜಿಗೂ ಹಾಕಬೇಡಿ. ಹಾಕಿದರೆ "ಇದು ಮಕ್ಕಳ ಕಾರ್ಯಕ್ರಮ" ಅಂತ ದೊಡ್ಡವರು ಬಾಗಿಲಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಹೊಲ ಮಾಡುವವರು, ಟೈಲರ್, ಗಾರೆ ಕೆಲಸದವರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಇವರನ್ನು ಕರೆಯಿರಿ. ಯಾವತ್ತೂ ಸಭೆಯಲ್ಲಿ ಬಾಯಿ ಬಿಡದ ಗಂಡಸರು ಮಣ್ಣಿನ ಮೇಜಲ್ಲಿ ಮಾತಾಡುತ್ತಾರೆ, ನೋಡಿ ಬೇಕಾದರೆ.

ಒಂದು ವಾರ ಮುಂಚೆ ಇಡೀ ತಂಡ ಕೂತು ಎಲ್ಲಾ ಕೆಲಸಗಳನ್ನೂ ತಾವೇ ಮಾಡಿ ನೋಡಬೇಕು. ಹದಿನೈದು ನಿಮಿಷದಲ್ಲಿ ಮುಗಿಯದ ಕೆಲಸವನ್ನು ಅಲ್ಲೇ ಕೈಬಿಡಿ.

4. ಮೇಜುಗಳು

ಇಡೀ ಕಾರ್ಯಕ್ರಮ ನಿಲ್ಲುವುದೂ ಬೀಳುವುದೂ ಇಲ್ಲೇ. ಪ್ರತಿ ಮೇಜಿನ ಬಗ್ಗೆಯೂ ಮೊದಲೇ ಈ ಪ್ರಶ್ನೆ ಕೇಳಿ: ಇಲ್ಲಿ ಮಾಡಿದ್ದು ಆರಾಧನೆಯ ಯಾವ ಕ್ಷಣದಲ್ಲಿ ಬಳಕೆಯಾಗುತ್ತದೆ? ಉತ್ತರ ಇಲ್ಲದಿದ್ದರೆ ಆ ಮೇಜು ಬೇಡ, ಎಷ್ಟೇ ಚೆನ್ನಾಗಿದ್ದರೂ.

ಮಣ್ಣಿನ ಮೇಜು. ನಾಲ್ಕು ಅಗಲದ ತಟ್ಟೆ ಅಥವಾ ಹಳೇ ಟ್ರೇ. ಒಂದರಲ್ಲಿ ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡಿದ ದಾರಿಮಣ್ಣು. ಇನ್ನೊಂದರಲ್ಲಿ ಜಲ್ಲಿ, ಮೇಲೆ ತೆಳ್ಳಗೆ ಮಣ್ಣು. ಮೂರನೆಯದರಲ್ಲಿ ಬೇರುಸಮೇತ ಹುಲ್ಲು, ಕಳೆ. ನಾಲ್ಕನೆಯದರಲ್ಲಿ ಜರಡಿ ಹಿಡಿದ ಮಣ್ಣಿಗೆ ಕೊಟ್ಟಿಗೆ ಗೊಬ್ಬರ. ಬಂದವರು ನಾಲ್ಕಕ್ಕೂ ಚಿಟಿಕೆ ಚಿಟಿಕೆ ರಾಗಿ ಹಾಕಿ, ಕಾಣದಷ್ಟೇ ಮಣ್ಣು ಮುಚ್ಚಿ, ನೀರು ಚಿಮುಕಿಸಬೇಕು. ಕಳೆಯ ತಟ್ಟೆಗೆ ಪಾರ್ಥೇನಿಯಂ ಮಾತ್ರ ತರಬೇಡಿ, ಚರ್ಮಕ್ಕೆ ತುರಿಕೆ ಆಗುತ್ತದೆ. ನಿಜವಾದ ಮುಳ್ಳೂ ಬೇಡ.

ಇಲ್ಲಿ ಹೊಲ ಮಾಡುವವರು ಒಬ್ಬರು ಇರಲೇಬೇಕು. ಸಾಮಾನ್ಯವಾಗಿ ಅವರು ಕೇಳುವ ಮೊದಲ ಮಾತು: "ಕೂರಿಗೆ ಹಿಡಿದು ಸಾಲಲ್ಲಿ ಬಿತ್ತೋದು ಬಿಟ್ಟು ದಾರಿ ಮೇಲೆ ಯಾಕೆ ಎಸೆದ?" ಅದನ್ನು ತಿದ್ದಲು ಹೋಗಬೇಡಿ. ಬೀಜದ ಬೆಲೆ ಗೊತ್ತಿರುವವನಿಗೆ ಮಾತ್ರ ಬರುವ ಪ್ರಶ್ನೆ ಅದು. ಕಲ್ಲು, ಮುಳ್ಳು, ದಾರಿ ಅಂತ ನೋಡದೆ ಚೆಲ್ಲಿಕೊಂಡು ಹೋಗುವ ಬಿತ್ತುವವನು ಯಾಕೆ ಹಾಗಿದ್ದಾನೆ ಅಂತ ಎಲ್ಲರೂ ಯೋಚಿಸಲಿ. ಪ್ರಸಂಗದಲ್ಲಿ ಇಪ್ಪತ್ತು ನಿಮಿಷ ಹೇಳಿದರೂ ಇಷ್ಟು ಹತ್ತಿರ ಬರುವುದು ಕಷ್ಟ.

ಕಲ್ಲಿನ ಮೇಜು. ಅಂಗೈಯಗಲದ ನುಣುಪು ಕಲ್ಲುಗಳು, ಸಾದಾ ಸೀಮೆಸುಣ್ಣ. ತನ್ನೊಳಗೆ ಗಟ್ಟಿಯಾಗಿರುವುದನ್ನು ಪ್ರತಿಯೊಬ್ಬರೂ ಕಲ್ಲಿನ ಮೇಲೆ ಬರೆಯಬೇಕು ಅಥವಾ ಗುರುತು ಹಾಕಬೇಕು. ಕೋಪ, ಸಾಲ, ಮಾತು ಬಿಟ್ಟ ತಮ್ಮ, ಏನೇ ಇರಲಿ. ಬೇರೆ ಯಾರೂ ಓದಬಾರದು. ಇದನ್ನು ಮೇಜಿನವರು ಬಾಯಿಬಿಟ್ಟು ಹೇಳಬೇಕು. ಬರೆದ ಮುಖ ಕೆಳಗೆ ಮಾಡಿ ಇಟ್ಟುಕೊಳ್ಳಲಿ. ಪೆನ್ನು, ಮಾರ್ಕರ್, ಆಯಿಲ್ ಪೇಸ್ಟಲ್ ಕೊಡಬೇಡಿ. ಆರಾಧನೆಯಲ್ಲಿ ಈ ಕಲ್ಲು ನೀರಿಗೆ ಹೋಗುತ್ತದೆ, ಅಲ್ಲಿ ಬರಹ ಅಳಿಯಬೇಕು. ಕಲ್ಲು ಒದ್ದೆ ಇದ್ದರೆ ಸೀಮೆಸುಣ್ಣ ಹಿಡಿಯುವುದಿಲ್ಲ, ಹಿಂದಿನ ದಿನವೇ ತೊಳೆದು ಒಣಗಿಸಿಡಿ.

ಧಾನ್ಯದ ಚಿತ್ರ. ನೆಲದ ಮೇಲಿಟ್ಟ ನಾಲ್ಕಡಿ ಉದ್ದ-ಅಗಲದ ಹಲಗೆಯ ಮೇಲೆ ಎಲ್ಲರೂ ಸೇರಿ ಒಂದೇ ಚಿತ್ರ. ರಾಗಿ, ಹೆಸರು, ತೊಗರಿ, ಕಡಲೆ, ಅಕ್ಕಿ. ಡ್ರಾಯಿಂಗ್ ಗೊತ್ತಿರುವ ಒಬ್ಬರು ಸೀಮೆಸುಣ್ಣದಲ್ಲಿ ದೊಡ್ಡ ಗೆರೆಗಳನ್ನು ಎಳೆದಿಡಲಿ: ಸೂರ್ಯ, ಹಕ್ಕಿ, ತೆನೆ. ಅಂಟು ಹಾಕಬೇಡಿ. ತಿನ್ನುವ ಕಾಳನ್ನು ಹಾಳು ಮಾಡಿದರೆ ಹಿರಿಯರಿಗೆ ಹಿಡಿಸುವುದಿಲ್ಲ, ಅವರು ಹೇಳುವುದೂ ಸರಿ. ಸುಮ್ನೆ ಜೋಡಿಸಿ, ಮುಗಿದ ಮೇಲೆ ಗುಡಿಸಿ ಹಕ್ಕಿಗಳಿಗೆ ಹಾಕಿ. ಇಷ್ಟು ಕೈ ಆಡಿದ ಕಾಳು ಅಡುಗೆಗೆ ಬೇಡ.

ಮೂರು ವರ್ಷದ ಒಳಗಿನ ಮಕ್ಕಳು ಕಾಳನ್ನು ಮೂಗಿಗೆ, ಕಿವಿಗೆ ತೂರಿಸಿಕೊಳ್ಳುತ್ತವೆ. ಅವು ಈ ಮೇಜಿಗೆ ಬಂದರೆ ತಾಯಿಯ ಮಡಿಲಲ್ಲೇ ಕೂರಬೇಕು.

ಇನ್ನೊಂದು ವಿಷಯ. ನೆಲದ ಮೇಲಿನ ಚಿತ್ರ ಅಂದಕೂಡಲೇ "ಇದು ರಂಗೋಲಿ, ನಮ್ಮದಲ್ಲ" ಅನ್ನುವ ಹಿರಿಯರು ಕೆಲವು ಸಭೆಗಳಲ್ಲಿ ಇರುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಬೆಂಗಳೂರಿನ ಹತ್ತಿರ ಸಿಲ್ವೆಪುರದಲ್ಲಿ ಕಲಾವಿದ ಜ್ಯೋತಿ ಸಾಹಿ ದಶಕಗಳ ಕಾಲ ಕ್ರೈಸ್ತ ನಂಬಿಕೆಯನ್ನು ಈ ನೆಲದ ರೂಪಗಳಲ್ಲೇ ಬಿಡಿಸಿದ್ದಾರೆ. ಆದರೆ ಕಾರ್ಯಕ್ರಮದ ದಿನ ಬಾಗಿಲಲ್ಲಿ ನಿಂತು ಈ ವಾದ ಮಾಡಬೇಡಿ. ಎರಡು ವಾರ ಮುಂಚೆ ಅವರ ಮನೆಗೆ ಹೋಗಿ, ಚಿತ್ರ ತೋರಿಸಿ, ಅವರ ಮಾತು ಕೇಳಿ. ಒಪ್ಪದಿದ್ದರೆ ಮೇಜಿನ ಮೇಲೆ ತಟ್ಟೆಯಲ್ಲಿ ಮಾಡಿ. ಒಂದು ಚಿತ್ರಕ್ಕಾಗಿ ಸಭೆ ಒಡೆಯುವುದು ಬೇಡ.

ಕೌದಿಯ ಮೇಜು. ಉತ್ತರ ಕರ್ನಾಟಕದವರಿಗೆ ಕೌದಿ (ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆ) ಬಗ್ಗೆ ಹೇಳಬೇಕಾಗಿಲ್ಲ. ಪ್ರತಿ ಮನೆಯವರೂ ಒಂದು ಹಳೇ ಬಟ್ಟೆಯ ತುಂಡು ತರಲು ಮುಂಚೆಯೇ ಹೇಳಿ: ತಾತನ ಪಂಚೆ, ಮಗುವಿನ ಅಂಗಿ, ಅಮ್ಮನ ಸೀರೆ. ಎಲ್ಲಾ ತುಂಡುಗಳನ್ನೂ ಒಂದು ಗೇಣು ಚೌಕ ಕತ್ತರಿಸಿ ದೊಡ್ಡ ಬಟ್ಟೆಗೆ ಓಟದ ಹೊಲಿಗೆ ಹಾಕಬೇಕು. ಅಂದೇ ಪೂರ್ತಿ ಮುಗಿಯಬೇಕಾಗಿಲ್ಲ, ಪಿನ್ ಚುಚ್ಚಿಟ್ಟರೂ ನಡೆಯುತ್ತದೆ. ಇಲ್ಲಿ ಅಜ್ಜಿಯರೇ ಗುರುಗಳು. ಹತ್ತು ವರ್ಷದ ಹುಡುಗ ಸೂಜಿಗೆ ದಾರ ಪೋಣಿಸಿಕೊಡುತ್ತಾನೆ, ಅಜ್ಜಿ ಹೊಲಿಗೆ ತೋರಿಸುತ್ತಾರೆ. ಬಟ್ಟೆ ಯಾರದು ಅಂತ ಕೇಳಿದರೆ ಸಾಕು, ಕಥೆ ತಾನಾಗಿ ಬರುತ್ತದೆ. ಸೂಜಿಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ.

ಹಾಡಿನ ಮೇಜು. ಇದಕ್ಕೆ ಬೇರೆ ಕೋಣೆ ಅಥವಾ ಮರದ ನೆರಳು ಬೇಕು. ಕೆಲಸ ಇಷ್ಟೇ: ಅವತ್ತಿನ ಭಾಗಕ್ಕೆ ಎರಡೇ ಸಾಲಿನ ಪಲ್ಲವಿ ಕಟ್ಟುವುದು. ಒಬ್ಬರು ಹೇಳಿಕೊಟ್ಟಂತೆ ಉಳಿದವರು ಹೇಳುವ, ಬೀಸುವ ಪದದ ಧಾಟಿ ಚೆನ್ನಾಗಿ ಹೊಂದುತ್ತದೆ. ಓದು ಬಾರದವರಿಗೂ, ಮೊದಲ ಸಲ ಬಂದವರಿಗೂ ಪುಸ್ತಕ ಬೇಕಾಗುವುದಿಲ್ಲ. ಹೀಗೆ ಏನಾದರೂ:

ಕಲ್ಲಾದ ನೆಲವನು ಹದಮಾಡು ಒಡೆಯಾ,
ಕಳೆ ಕಿತ್ತು ಬೀಜವ ಬಿತ್ತಯ್ಯಾ.

ನಿಮ್ಮ ಮೇಜಿನವರು ಇದಕ್ಕಿಂತ ಒಳ್ಳೆಯದನ್ನೇ ಕಟ್ಟುತ್ತಾರೆ. ತಾಳ, ಖಂಜರಿ ಸಾಕು. ಕೀಬೋರ್ಡ್ ತಂದರೆ ಒಬ್ಬನ ಕಛೇರಿ ಆಗಿಬಿಡುತ್ತದೆ. ಸಿನಿಮಾ ಧಾಟಿ ಬೇಡ, ಹಾಡುವಾಗ ತಲೆಯೊಳಗೆ ಹಳೇ ಸಾಹಿತ್ಯವೇ ಓಡುತ್ತಿರುತ್ತದೆ.

ಇವುಗಳ ಜೊತೆ ಒಂದು ಸುಮ್ಮನೆ ಕೂರುವ ಮೂಲೆ ಇರಲಿ. ಚಾಪೆ, ಒಂದು ಸತ್ಯವೇದ, ಕಾಗದ-ಪೆನ್ಸಿಲ್. ಕೈಕೆಲಸ ಇಷ್ಟವಿಲ್ಲದವರು, ಗಲಾಟೆ ತಡೆಯದ ಮಕ್ಕಳು, ಅವತ್ತು ಮನಸ್ಸು ಸರಿ ಇಲ್ಲದವರು ಅಲ್ಲಿಗೆ ಹೋಗಲಿ. ಯಾರೂ ಹೋಗಿ "ಯಾಕೆ ಸುಮ್ನೆ ಕೂತಿದ್ದೀರಿ" ಅಂತ ಕೇಳಬಾರದು.

ಮೇಜಿನಲ್ಲಿ ಆಗುವ ತಪ್ಪುಗಳು

ಅಚ್ಚು ಹಾಕಿದ ಚಿತ್ರಕ್ಕೆ ಬಣ್ಣ ತುಂಬಿಸುವುದು ಮೊದಲನೆಯ ತಪ್ಪು. ಐವತ್ತು ಒಂದೇ ಥರದ ಕುರಿ ತಯಾರಾಗುತ್ತವೆ, ಯಾರಿಗೂ ಏನೂ ಹೊಳೆಯುವುದಿಲ್ಲ. ಮಗು ಮಾಡಿದ್ದು ಸೊಟ್ಟಗಿದೆ ಅಂತ ಅಪ್ಪ-ಅಮ್ಮ ಕೈ ಹಾಕಿ ಸರಿಮಾಡುವುದು ಎರಡನೆಯದು. ಅಂಥವರಿಗೆ ಪಕ್ಕದಲ್ಲಿ ಅವರದೇ ಒಂದು ಕಲ್ಲು, ಒಂದು ಬಟ್ಟೆ ಕೊಟ್ಟು ಕೂರಿಸಿ.

ಬಹುಮಾನ ಬೇಡವೇ ಬೇಡ. ನಮ್ಮಲ್ಲಿ ನಾಲ್ಕು ಜನ ಸೇರಿದರೆ ಸ್ಪರ್ಧೆ, ಪ್ರಥಮ, ದ್ವಿತೀಯ, ಸಮಾಧಾನಕರ ಅಂತ ಆಗಿಬಿಡುತ್ತದೆ. ಬಹುಮಾನ ಇದೆ ಅಂತ ಗೊತ್ತಾದ ಕ್ಷಣವೇ ಕಲ್ಲಿನ ಮೇಲೆ ಯಾರೂ ನಿಜ ಬರೆಯುವುದಿಲ್ಲ.

ಮೇಜಿನವರು ಉಪದೇಶಕ್ಕೆ ಇಳಿಯುವುದು ಇನ್ನೊಂದು. ಅವರಿಗೆ ಒಂದು ಚೀಟಿಯಲ್ಲಿ ಎರಡು ಪ್ರಶ್ನೆ ಬರೆದುಕೊಡಿ. ಮೊದಲನೆಯದು ಕೆಲಸದ ಬಗ್ಗೆ: "ನಿಮ್ಮೂರಲ್ಲಿ ಏನೂ ಬೆಳೆಯದ ನೆಲ ಯಾವುದು?" ಎರಡನೆಯದು ಒಳಗಿನದು: "ನಿಮಗೆ ಯಾವಾಗ ಹಾಗನ್ನಿಸಿತ್ತು?" ಉತ್ತರ ಬಾರದಿದ್ದರೆ ಸುಮ್ಮನಿರಿ. ಕೈ ಆಡುತ್ತಿರುವಾಗ ಮೌನ ಯಾರಿಗೂ ಭಾರ ಆಗುವುದಿಲ್ಲ.

5. ಸಾಮಾನು

ಮೇಲೆ ಹೇಳಿದ್ದನ್ನು ಬಿಟ್ಟು ಬೇಕಾಗುವುದು: ಮೊಂಡು ಮೂತಿಯ ಕತ್ತರಿ ಹತ್ತು, ಹಳೇ ಪತ್ರಿಕೆ ಒಂದು ಕಟ್ಟು, ಬಕೆಟ್ ಮೂರು, ಒರೆಸುವ ಬಟ್ಟೆ, ಸಾಬೂನು, ಕಸದ ಚೀಲ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಆರಾಧನೆಗೆ ಒಂದು ದೊಡ್ಡ ಹಿತ್ತಾಳೆ ಅಥವಾ ಸ್ಟೀಲ್ ಪಾತ್ರೆ.

ಮುಂದೆ ಎಂದಾದರೂ ಅಂಟು ಬೇಕಾದರೆ ಮನೆಯಲ್ಲೇ ಮೈದಾ ಅಂಟು ಮಾಡಬಹುದು. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು, ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕೈಯಾಡಿಸಿ. ಪುಸ್ತಕ ಕಟ್ಟುವವರು, ಪೋಸ್ಟರ್ ಹಚ್ಚುವವರು ಹುಳ ಬಾರದಿರಲಿ ಅಂತ ಇದಕ್ಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ. ಮಕ್ಕಳು ಮುಟ್ಟುವ ಅಂಟಿಗೆ ಸೇರಿಸಲೇಬಾರದು. ಅಂದಿನದು ಅಂದೇ ಮಾಡಿ, ಉಳಿದದ್ದನ್ನು ಚೆಲ್ಲಿ.

ಬಿಸಿ ಅಂಟಿನ ಗನ್, ಬಲೂನು, ಥರ್ಮಾಕೋಲ್, ಮಿನುಗುಪುಡಿ ಯಾವುದೂ ಬೇಡ. ಮಿನುಗುಪುಡಿ ಈಸ್ಟರ್‌ಗೆ ಚೆಲ್ಲಿದರೆ ಕ್ರಿಸ್ಮಸ್‌ವರೆಗೂ ದೇವಾಲಯದ ನೆಲದಲ್ಲಿರುತ್ತದೆ.

6. ಬಾಗಿಲಲ್ಲಿ

ಬಂದವರಿಗೆ ಟೀ, ಹೆಸರಿನ ಚೀಟಿ, "ಯಾವ ಮೇಜಿಗಾದರೂ ಹೋಗಿ" ಅನ್ನುವ ಒಂದು ಮಾತು. ಅಷ್ಟೇ. ಸ್ವಾಗತ ಭಾಷಣ, ಹಾರ, ಶಾಲು, ಮುಖ್ಯ ಅತಿಥಿ ಇವೆಲ್ಲ ಬಂದರೆ ಜನ ಪ್ರೇಕ್ಷಕರಾಗಿ ಕೂತುಬಿಡುತ್ತಾರೆ. ಒಮ್ಮೆ ಹಾಗೆ ಕೂತವರನ್ನು ಎಬ್ಬಿಸುವುದು ಕಷ್ಟ. ಸಭಾಪಾಲಕರಿಗೂ (ಪಾಸ್ಟರ್‌ಗೂ) ಮೊದಲೇ ಹೇಳಿ, ಅವರು ವೇದಿಕೆಯಲ್ಲಿ ಇರಬಾರದು. ಕೌದಿಯ ಮೇಜಲ್ಲಿ ಸೂಜಿ ಹಿಡಿದಿರಬೇಕು.

ಸಾಲಾಗಿ ಹಾಕಿದ ಕುರ್ಚಿಗಳನ್ನು ಹಿಂದಿನ ದಿನವೇ ತೆಗೆಸಿಬಿಡಿ. ಇದ್ದರೆ ದೊಡ್ಡವರು ಅಲ್ಲೇ ಕೂರುತ್ತಾರೆ.

7. ಮೇಜಿನಿಂದ ಆರಾಧನೆಗೆ ದಾಟುವುದು

ಈ ಹತ್ತು ನಿಮಿಷದಲ್ಲೇ ಹೆಚ್ಚಿನವರು ಸೋಲುವುದು. ಮೈಕ್ ಹಿಡಿದು "ಎಲ್ಲಾ ಬಂದು ಕೂತ್ಕೊಳ್ಳಿ, ಮಕ್ಕಳೇ ಸದ್ದು ಮಾಡಬೇಡಿ" ಅಂದರೆ ಅಲ್ಲಿಯವರೆಗೆ ಕೂಡಿಬಂದ ಮನಸ್ಸು ಚದುರುತ್ತದೆ.

ಹೀಗೆ ಮಾಡಿ. ಐದು ನಿಮಿಷ ಮುಂಚೆ ಮೇಜಿನವರು ತಮ್ಮತಮ್ಮ ಮೇಜಲ್ಲೇ ಮೆಲ್ಲಗೆ ಹೇಳಲಿ. ಕೈ ತೊಳೆಯಲಿ. ಆಮೇಲೆ ಹಾಡಿನ ಮೇಜಿನವರು ತಾವು ಕಟ್ಟಿದ ಪಲ್ಲವಿ ಹಾಡುತ್ತಾ ಹಾಲ್‌ನೊಳಗೆ ಬಂದು ಎಲ್ಲಾ ಮೇಜುಗಳನ್ನು ಸುತ್ತಲಿ. ಉಳಿದವರು ತಮ್ಮ ಕೆಲಸವನ್ನು ಎತ್ತಿಕೊಂಡು ಅವರ ಹಿಂದೆ ನಡೆಯಲಿ: ಮಣ್ಣಿನ ತಟ್ಟೆ, ಕೌದಿ, ಕೈಯಲ್ಲಿ ಕಲ್ಲು. ಎರಡು ಸುತ್ತು ಬರುವಷ್ಟರಲ್ಲಿ ಎಲ್ಲರಿಗೂ ಪಲ್ಲವಿ ಬಂದಿರುತ್ತದೆ. ಧಾನ್ಯದ ಚಿತ್ರವನ್ನು ಎತ್ತಲಾಗುವುದಿಲ್ಲ, ಎತ್ತಲು ಹೋಗಲೂಬೇಡಿ. ಮೆರವಣಿಗೆ ಅದರ ಸುತ್ತ ಹಾದು ಹೋಗಲಿ, ಆರಾಧನೆಯಲ್ಲಿ ಅದರ ಸರದಿ ಅದೇ.

ಕೆಲಸ ಅರ್ಧ ಆಗಿದೆ ಅಂತ ಕೆಲವರು ಏಳುವುದಿಲ್ಲ. ಬಲವಂತ ಬೇಡ. ಹಾಡು ದೂರವಾದಂತೆ ಅವರೇ ಬರುತ್ತಾರೆ.

8. ಆರಾಧನೆಯ 25 ನಿಮಿಷ

ಮೊದಲು ಕೌದಿಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ನಾಲ್ಕು ಮಣ್ಣಿನ ತಟ್ಟೆ ಇಡಿ. ತಟ್ಟೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಇರಲಿ.

ಕಥೆ. ಮಾರ್ಕ 4:1-9ನ್ನು ಒಬ್ಬರು ಸತ್ಯವೇದದಿಂದಲೇ ಓದಲಿ. ಆಮೇಲೆ ಇನ್ನೊಬ್ಬರು ಪುಸ್ತಕ ಇಲ್ಲದೆ ಹೇಳಲಿ, ಆರು ನಿಮಿಷ ಸಾಕು. ಹಕ್ಕಿಗಳು ಬಂದಾಗ ಎಲ್ಲರೂ ಕೈ ಬಡಿದು ಓಡಿಸಲಿ, ಬಿಸಿಲು ಬಂದಾಗ ಬಾಡಿ ಕೂರಲಿ, ಮುಳ್ಳು ಬಂದಾಗ ಪಕ್ಕದವರ ತೋಳು ಹಿಡಿಯಲಿ, ಕೊನೆಗೆ ಮೂವತ್ತು, ಅರವತ್ತು, ನೂರು ಅಂದಾಗ ಒಂದೊಂದು ಹಂತ ಎದ್ದು ನಿಲ್ಲಲಿ. ವಿವರಣೆ (ಮಾರ್ಕ 4:13-20) ಇಲ್ಲಿ ಬೇಡ, ಮನೆಯಲ್ಲಿ ಓದಲು ಚೀಟಿ ಕೊಡಿ. ಕಥೆಯ ಮೇಲೆ ಪ್ರಸಂಗ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ.

ಕಲ್ಲು. ನೀರಿನ ಪಾತ್ರೆ ನಡುವೆ ಇಡಿ. ಒಬ್ಬೊಬ್ಬರೇ ಬಂದು ಕಲ್ಲನ್ನು ಬರೆದ ಮುಖ ಕೆಳಗೆ ಮಾಡಿ ನೀರಿಗೆ ಇಳಿಸಿ, ಬೆರಳಿಂದ ಒಮ್ಮೆ ಉಜ್ಜಿ ಬಿಡಲಿ. ಎಸೆಯಬಾರದು, ಸಿಡಿಯುತ್ತದೆ. ಇದೇ ಪಾಪನಿವೇದನೆ. ಎಲ್ಲರದೂ ಆದ ಮೇಲೆ ಸಭಾಪಾಲಕರು ಕ್ಷಮೆಯ ವಾಕ್ಯ ಹೇಳಲಿ. ಆ ಮಾತು ಬಿಟ್ಟುಹೋದರೆ ಜನ ಭಾರ ಇಳಿಸಲು ಬಂದು ಹಾಗೇ ಹೊತ್ತುಕೊಂಡು ಹೋದಂತೆ ಆಗುತ್ತದೆ, ಆದ್ದರಿಂದ ಮುಂಚೆಯೇ ನೆನಪಿಸಿ. ಕಣ್ಣೀರು ಬಂದವರಿಗೆ ಮೈಕ್ ಕೊಟ್ಟು ಸಾಕ್ಷಿ ಹೇಳಿಸಬೇಡಿ. ಒಬ್ಬರು ಹೋಗಿ ಪಕ್ಕದಲ್ಲಿ ಕೂತರೆ ಸಾಕು.

ಪ್ರಾರ್ಥನೆ. ಒಳ್ಳೆಯ ನೆಲದ ತಟ್ಟೆಯನ್ನು ಕೈಯಿಂದ ಕೈಗೆ ಕೊಡಿ. ತಟ್ಟೆ ಹಿಡಿದವರು ಒಂದು ಹೆಸರು ಅಥವಾ ಒಂದು ವಿಷಯ ಹೇಳಲಿ, ಹೇಳದೆಯೂ ದಾಟಿಸಬಹುದು. ಆಮೇಲೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಲ್ಲರೂ ಸೇರಿ. ಪಲ್ಲವಿ ಇನ್ನೊಮ್ಮೆ. ಆಶೀರ್ವಾದ.

ಕರ್ತನ ಭೋಜನವನ್ನು (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯನ್ನು) ಇದರೊಳಗೆ ತರಬೇಡಿ. ಅದಕ್ಕೆ ಅದರದೇ ಕ್ರಮ, ತಯಾರಿ ಇದೆ. ಪ್ರೊಟೆಸ್ಟೆಂಟರು, ಕಥೋಲಿಕರು ಸೇರಿ ಮಾಡುವ ಕಡೆ ಅದೇ ಜಾಗದಲ್ಲಿ ಇಬ್ಬರೂ ಬೇರೆಬೇರೆ ನಿಲ್ಲಬೇಕಾಗುತ್ತದೆ. ಕಾಣಿಕೆ ಚೀಲವೂ ಬೇಡ, ಮೊದಲ ಸಲ ಬಂದವರಿಗೆ ಮುಜುಗರ. ಖರ್ಚಿಗೆ ಸಭೆಯವರಿಂದ ಮುಂಚೆಯೇ ಎತ್ತಿ.

9. ಊಟ

ಬಿಸಿಬೇಳೆಬಾತ್, ಮೊಸರನ್ನ, ಬಾಳೆಹಣ್ಣು. ಇಷ್ಟೇ ಸಾಕು. ಪಂಕ್ತಿಯಲ್ಲಿ ಕೂರಿಸಿ, ಬುಫೆ ಬೇಡ. ಮೇಜಲ್ಲಿ ಶುರುವಾದ ಮಾತು ಪಂಕ್ತಿಯಲ್ಲಿ ಮುಂದುವರಿಯುತ್ತದೆ. ಶೇಂಗಾ ಆಗದವರು ಇದ್ದಾರಾ ಕೇಳಿಕೊಳ್ಳಿ. ಸಭಾಪಾಲಕರ ಮನೆಯವರಿಗೆ, ಕಮಿಟಿಯವರಿಗೆ ಬೇರೆ ಮೇಜು ಹಾಕಿದರೆ ಎರಡು ಗಂಟೆಯ ಕೆಲಸ ಅಲ್ಲಿಗೆ ಮುಗಿಯಿತು.

10. ಮಕ್ಕಳು, ನೆರೆಯವರು, ಫೋಟೊ

ಯಾವ ಕೋಣೆಯಲ್ಲೂ ಒಬ್ಬ ದೊಡ್ಡವರು ಮಕ್ಕಳ ಜೊತೆ ಒಂಟಿಯಾಗಿ ಇರಬಾರದು. ಯಾವಾಗಲೂ ಇಬ್ಬರು. ಟಾಯ್ಲೆಟ್‌ಗೆ ಚಿಕ್ಕ ಮಕ್ಕಳನ್ನು ಅವರ ಮನೆಯವರೇ ಕರೆದುಕೊಂಡು ಹೋಗಲಿ. ಮಕ್ಕಳನ್ನು ಗೇಟಲ್ಲಿ ಬಿಟ್ಟು ಹೋಗುವ ಅಪ್ಪ-ಅಮ್ಮಂದಿರಿಗೆ ನೇರವಾಗಿ ಹೇಳಿ: ಇದು ಕೂಡಿ ಮಾಡುವ ಕೆಲಸ, ನೀವೂ ಇರಬೇಕು.

ಅಕ್ಕಪಕ್ಕದ ಬೇರೆ ನಂಬಿಕೆಯವರನ್ನು ಕರೆಯುವುದಾದರೆ ಕರೆಯೋಲೆಯಲ್ಲೇ ಸ್ಪಷ್ಟವಾಗಿ ಬರೆಯಿರಿ: ಇದು ಕ್ರೈಸ್ತ ಆರಾಧನೆ, ಸತ್ಯವೇದದ ಕಥೆ ಇರುತ್ತದೆ, ಪ್ರಾರ್ಥನೆ ಇರುತ್ತದೆ. "ಉಚಿತ ಕ್ರಾಫ್ಟ್ ಶಿಬಿರ" ಅಂತ ಹೆಸರಿಟ್ಟು ಒಳಗೆ ಬೇರೆ ಮಾಡುವುದು ಮೋಸ. ಇವತ್ತಿನ ದಿನದಲ್ಲಿ ಅದು ಇಡೀ ಸಭೆಯನ್ನು ತೊಂದರೆಗೆ ಸಿಕ್ಕಿಸಬಹುದು ಕೂಡ. ಅವರ ಮಕ್ಕಳು ಅಪ್ಪ-ಅಮ್ಮ ಜೊತೆ ಬಂದರೆ ಮಾತ್ರ ಸೇರಿಸಿಕೊಳ್ಳಿ. ಉಡುಗೊರೆ ಹಂಚಬೇಡಿ. ಆರಾಧನೆ ಶುರುವಾಗುವಾಗ ಹೊರಡಬಯಸುವವರು ಊಟಕ್ಕೆ ಮತ್ತೆ ಬರಬಹುದು ಅಂತ ಮೊದಲೇ ತಿಳಿಸಿ.

ಕಲ್ಲು, ನೀರಿನ ಹೊತ್ತಿನಲ್ಲಿ ಫೋಟೊ, ವಿಡಿಯೊ ಪೂರ್ತಿ ನಿಷೇಧ. ಬೇರೆ ಹೊತ್ತಲ್ಲಿ ತೆಗೆದರೂ ಮಕ್ಕಳ ಮುಖ ಇರುವುದನ್ನು ಮನೆಯವರ ಒಪ್ಪಿಗೆ ಇಲ್ಲದೆ ಗ್ರೂಪಿಗೆ ಹಾಕಬಾರದು.

11. ಮುಂದಿನ ಭಾನುವಾರ

ಮಣ್ಣಿನ ತಟ್ಟೆಗಳನ್ನು ಬಿಸಿಲು ಬೀಳುವ ಕಡೆ ಇಟ್ಟು, ದಿನಾ ನೀರು ಚಿಮುಕಿಸಲು ಒಬ್ಬ ಹುಡುಗನಿಗೋ ಹುಡುಗಿಗೋ ಒಪ್ಪಿಸಿ. ವಾರದಲ್ಲಿ ರಾಗಿ ಮೊಳೆತಿರುತ್ತದೆ. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಾಲ್ಕನ್ನೂ ಇಡಿ. ಕೆಲವು ಸಲ ಜಲ್ಲಿಯ ತಟ್ಟೆಯಲ್ಲೇ ಮೊದಲು ಹಸಿರು ಕಾಣುತ್ತದೆ. ಗಾಬರಿ ಬೇಡ, ಸಾಮ್ಯದಲ್ಲೂ ಹಾಗೇ ಇದೆ: ಮಣ್ಣು ಆಳವಿಲ್ಲದ ಕಡೆ ಬೇಗ ಮೊಳೆತು, ಬಿಸಿಲೇರಿದಾಗ ಬಾಡುತ್ತದೆ. ಹಾಗಾಗಿ ಎರಡನೇ ವಾರವೂ ಇಡಿ. ದಾರಿಮಣ್ಣಲ್ಲೂ ಮೊಳಕೆ ಬಂದರೆ ಮಕ್ಕಳು ಜೋರಾಗಿ ಕೇಳುತ್ತಾರೆ, ಅವರಿಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಬೇಡಿ. ಅವರ ಜೊತೆ ನೀವೂ ನೋಡಿ.

ತಂಡ ಒಮ್ಮೆ ಕೂತು ಮೂರು ವಿಷಯ ನೋಡಲಿ. ಕೆಲಸ ಮಾಡಿದ ದೊಡ್ಡವರು ಎಷ್ಟು, ನೋಡುತ್ತಾ ನಿಂತವರು ಎಷ್ಟು? ಯಾವ ಮೇಜಲ್ಲಿ ಮಾತೇ ಹುಟ್ಟಲಿಲ್ಲ? ಆರಾಧನೆ ಯಾವ ನಿಮಿಷದಲ್ಲಿ ಸಡಿಲವಾಯಿತು? ನಿಂತವರೇ ಜಾಸ್ತಿ ಇದ್ದರೆ ಮುಂದಿನ ಸಲ ಮೇಜು ಕಡಿಮೆ ಮಾಡಬೇಡಿ, ಬಾಗಿಲಲ್ಲಿರುವವರನ್ನು ಬದಲಿಸಿ. ಕೈ ಹಿಡಿದು ಮೇಜಿನ ತನಕ ಕರೆದುಕೊಂಡು ಹೋಗುವ ಸ್ವಭಾವದವರು ಅಲ್ಲಿ ಬೇಕು.

ತಿಂಗಳಿಗೊಮ್ಮೆ ಮಾಡುವ ಉತ್ಸಾಹ ಬರುತ್ತದೆ. ತಂಡ ಚಿಕ್ಕದಿದ್ದರೆ ಎರಡು-ಮೂರು ತಿಂಗಳಿಗೊಮ್ಮೆ ಸಾಕು. ಕೌದಿಗೆ ಪ್ರತಿ ಸಲ ಹೊಸ ಸಾಲು ಸೇರಿಸಿ. ಹದಿನೈದು ಜನರ ಚಿಕ್ಕ ಸಭೆಯಾದರೆ, ಅಥವಾ ಬಣ್ಣ, ಮಣ್ಣು ಒಪ್ಪದ ಬಾಡಿಗೆ ಹಾಲ್ ಆದರೆ, ಕಲ್ಲು ಮತ್ತು ಹಾಡಿನ ಮೇಜು ಎರಡನ್ನೇ ಇಟ್ಟುಕೊಂಡು ಉಳಿದ ಹೊತ್ತನ್ನು ಊಟಕ್ಕೆ ಕೊಡಿ.